ಫ್ರೀಸೌಂಡ್ ತಾಣದ ವಿಮರ್ಶೆ: ಪುಕ್ಕಟೆ ಧ್ವನಿ, ಅದರ ಪರವಾನಗಿ ಮತ್ತು ಹಂಚುವವರ ಹೊಣೆ

ಹೆಂಚಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದು ಬೇಕೆಂದು ನಾನು ಮೊದಲ ಬಾರಿಗೆ ಫ್ರೀಸೌಂಡ್ ತಾಣವನ್ನು ತೆರೆದದ್ದು ನಮ್ಮ ಹವ್ಯಾಸಿ ತಂಡದ ಮಕ್ಕಳ ನಾಟಕವೊಂದಕ್ಕಾಗಿ. ಅದು ಏಪ್ರಿಲ್ ತಿಂಗಳು. ಕುಂದಾಪುರದ ಕಡೆ ನಿಜವಾದ ಮಳೆಯನ್ನು ಮೈಕಿನಲ್ಲಿ ಹಿಡಿಯಬೇಕಾದರೆ ಇನ್ನೂ ಎರಡು ತಿಂಗಳು ಕಾಯಬೇಕಿತ್ತು, ಪ್ರದರ್ಶನಕ್ಕೆ ಉಳಿದಿದ್ದದ್ದು ಎರಡೇ ವಾರ. ಹುಡುಕಿದ ಹತ್ತು ನಿಮಿಷದಲ್ಲಿ ಬೇಕಾದ ಸದ್ದು ಸಿಕ್ಕಿತು. ಆದರೆ ಆ ಸದ್ದಿನ ಪಕ್ಕದಲ್ಲಿ ಪುಟ್ಟ ಚಿಹ್ನೆಯೊಂದರ ರೂಪದಲ್ಲಿ ಅಂಟಿಕೊಂಡಿದ್ದ ಪರವಾನಗಿ ಏನು ಹೇಳುತ್ತದೆ ಎಂಬುದನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು ನನಗೆ ಅದರ ನಂತರ ಕೆಲವು ವರ್ಷಗಳೇ ಬೇಕಾದವು. ಈಗ ನಾನು ಅಲ್ಲಿಂದ ಧ್ವನಿಗಳನ್ನು ಪಡೆಯುವವನೂ ಹೌದು, ನಾನೇ ಮುದ್ರಿಸಿದ ಧ್ವನಿಗಳನ್ನು ಅಲ್ಲಿ ಹಾಕುವವನೂ ಹೌದು. ಈ ವಿಮರ್ಶೆಯಲ್ಲಿ ತಾಣದ ಅಂದಚೆಂದ, ವೇಗ, ಸೌಲಭ್ಯಗಳ ಬಗ್ಗೆ ಕಡಿಮೆ ಹೇಳಿ, ಪರವಾನಗಿಯ ವಿಷಯದಲ್ಲಿ ಅದು ಎಷ್ಟರಮಟ್ಟಿಗೆ ನೆರವಾಗುತ್ತದೆ, ಎಲ್ಲಿ ನಮ್ಮನ್ನು ನಮ್ಮ ವಿವೇಚನೆಗೇ ಬಿಟ್ಟುಬಿಡುತ್ತದೆ ಎಂಬುದನ್ನು ಬರೆಯಬೇಕೆಂದಿದ್ದೇನೆ.

ಫ್ರೀಸೌಂಡ್ ಅನ್ನು ಆರಂಭಿಸಿದ್ದು 2005ರಲ್ಲಿ, ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿರುವ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಸಂಗೀತ ತಂತ್ರಜ್ಞಾನ ಸಂಶೋಧನಾ ತಂಡ. ಇಂದಿಗೂ ಅದನ್ನು ನಡೆಸುತ್ತಿರುವುದು ಅದೇ ತಂಡ. ಇಲ್ಲಿರುವುದು ಹಾಡುಗಳ ಸಂಗ್ರಹವಲ್ಲ, ಸದ್ದುಗಳ ಸಂಗ್ರಹ: ಬಾಗಿಲು ಕಿರುಗುಟ್ಟುವುದು, ರೈಲು ನಿಲ್ದಾಣದ ಗದ್ದಲ, ಒಂದೇ ಒಂದು ತಂತಿಯ ಮೀಟು, ಯಂತ್ರದ ಗುಂಯ್ಗುಡುವಿಕೆ, ಕಪ್ಪೆಗಳ ವಟಗುಟ್ಟುವಿಕೆ. ಐದು ಲಕ್ಷಕ್ಕೂ ಹೆಚ್ಚು ಧ್ವನಿಗಳು ಅಲ್ಲಿವೆ. ಖಾತೆಯಿಲ್ಲದೆಯೂ ಪ್ರತಿಯೊಂದನ್ನೂ ಕೇಳಿ ನೋಡಬಹುದು. ಮೂಲ ಕಡತವನ್ನು ಇಳಿಸಿಕೊಳ್ಳಲು ಮಾತ್ರ ಖಾತೆ ತೆರೆಯಬೇಕು. ಅದಕ್ಕೆ ಶುಲ್ಕವಿಲ್ಲ. ತಾಣ ದೇಣಿಗೆಯನ್ನು ಕೇಳುತ್ತದೆ, ಜಾಹೀರಾತು ತೋರಿಸುವುದಿಲ್ಲ. ಹುಡುಕುವಾಗ ಪರವಾನಗಿಯ ಪ್ರಕಾರ ಫಲಿತಾಂಶಗಳನ್ನು ಸೋಸಿಕೊಳ್ಳುವ ಅನುಕೂಲವಿದೆ, ಮತ್ತು ನನ್ನ ಮಟ್ಟಿಗೆ ಈ ತಾಣದ ಅತ್ಯಂತ ಬೆಲೆಯುಳ್ಳ ಸೌಲಭ್ಯ ಅದೇ. ಸದ್ದು ಇಷ್ಟವಾದ ಮೇಲೆ ಪರವಾನಗಿ ನೋಡಿದರೆ ಮನಸ್ಸು ನೆಪ ಹುಡುಕತೊಡಗುತ್ತದೆ; ಮೊದಲೇ ಸೋಸಿಕೊಂಡು ಹುಡುಕಿದರೆ ಆ ಪ್ರಲೋಭನೆಗೆ ಅವಕಾಶವಿರುವುದಿಲ್ಲ.

ಇಲ್ಲಿನ ಧ್ವನಿಗಳೆಲ್ಲ, ಕೃತಿಗಳನ್ನು ಮುಕ್ತವಾಗಿ ಹಂಚಲು ಸಿದ್ಧ ಪರವಾನಗಿಗಳನ್ನು ರೂಪಿಸಿಕೊಡುವ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಪರವಾನಗಿಗಳ ಅಡಿಯಲ್ಲಿವೆ. ಈಗ ಹೊಸದಾಗಿ ಧ್ವನಿ ಹಾಕುವವರ ಮುಂದೆ ಮೂರು ಆಯ್ಕೆಗಳಿರುತ್ತವೆ. ಮೊದಲನೆಯದು ಸಿಸಿ ಝೀರೋ: ಹಾಕಿದವರು ತಮ್ಮ ಹಕ್ಕುಗಳನ್ನೆಲ್ಲ ಬಿಟ್ಟುಕೊಡುತ್ತಾರೆ, ಬಳಸುವವರು ಹೆಸರನ್ನೂ ಹೇಳಬೇಕಾಗಿಲ್ಲ. ಎರಡನೆಯದು ಅಟ್ರಿಬ್ಯೂಷನ್: ಯಾವ ಉದ್ದೇಶಕ್ಕಾದರೂ ಬಳಸಬಹುದು, ತಿದ್ದಬಹುದು, ಮಾರಬಹುದು, ಆದರೆ ಮೂಲದವರ ಹೆಸರು ಹೇಳಲೇಬೇಕು. ಮೂರನೆಯದು ಅಟ್ರಿಬ್ಯೂಷನ್ ನಾನ್‌ಕಮರ್ಷಿಯಲ್: ಹೆಸರನ್ನೂ ಹೇಳಬೇಕು, ವಾಣಿಜ್ಯದ ಬಳಕೆಯನ್ನೂ ಮಾಡಬಾರದು. ಕ್ರಿಯೇಟಿವ್ ಕಾಮನ್ಸ್‌ನ ಉಳಿದ ಷರತ್ತುಗಳು, ಅಂದರೆ ಬದಲಾಯಿಸಿದ ಕೃತಿಯನ್ನೂ ಇದೇ ಪರವಾನಗಿಯಲ್ಲಿ ಹಂಚಬೇಕೆನ್ನುವ ಶೇರ್‌ಅಲೈಕ್ ಮತ್ತು ಬದಲಾಯಿಸಿ ಹಂಚಲೇಬಾರದೆನ್ನುವ ನೋಡೆರಿವೇಟಿವ್ಸ್, ಇಲ್ಲಿ ಇಲ್ಲ. ಸ್ಯಾಂಪಲ್, ಅಂದರೆ ಬೇರೆ ಕೃತಿಯಲ್ಲಿ ಬಳಸಲು ತೆಗೆದುಕೊಳ್ಳುವ ಧ್ವನಿಯ ತುಣುಕು, ಎನ್ನುವುದೇ ಕತ್ತರಿಸಿ, ಹಿಗ್ಗಿಸಿ, ಬೇರೆಯದರೊಡನೆ ಬೆರೆಸಲು ಇರುವ ವಸ್ತುವಾದ್ದರಿಂದ ನೋಡೆರಿವೇಟಿವ್ಸ್ ಇಲ್ಲದಿರುವುದು ಸರಿಯಾದದ್ದೇ. ಶೇರ್‌ಅಲೈಕ್ ಇಲ್ಲದಿರುವುದಕ್ಕೆ ಮಾತ್ರ ಒಂದು ಪರಿಣಾಮವಿದೆ, ಅದನ್ನು ಮುಂದೆ ಹೇಳುತ್ತೇನೆ.

ಇವುಗಳ ನಡುವೆ ನಾಲ್ಕನೆಯ ಒಂದು ಹಳೆಯ ಪರವಾನಗಿಯೂ ಕಾಣಿಸುತ್ತದೆ, ಹೊಸಬರು ಎಡವುವುದು ಸಾಮಾನ್ಯವಾಗಿ ಅಲ್ಲಿಯೇ. ಆರಂಭದ ವರ್ಷಗಳಲ್ಲಿ ಫ್ರೀಸೌಂಡ್‌ನ ಎಲ್ಲ ಧ್ವನಿಗಳೂ ಸ್ಯಾಂಪ್ಲಿಂಗ್ ಪ್ಲಸ್ 1.0 ಎಂಬ ಪರವಾನಗಿಯಲ್ಲಿದ್ದವು. ಅದರ ಪ್ರಕಾರ ಧ್ವನಿಯ ತುಣುಕನ್ನು ತೆಗೆದುಕೊಂಡು ಹೊಸ ಕೃತಿ ಮಾಡಿ ಅದನ್ನು ಮಾರಬಹುದು; ಆದರೆ ಇಡೀ ಧ್ವನಿಯನ್ನು ಇದ್ದಂತೆಯೇ ಹಂಚುವುದಾದರೆ ಅದು ವಾಣಿಜ್ಯೇತರವಾಗಿರಬೇಕು; ಮತ್ತು ನಾವು ಅದರಿಂದ ಮಾಡಿದ ಕೃತಿಯ ಪ್ರಚಾರವನ್ನು ಬಿಟ್ಟರೆ ಬೇರೆ ಯಾವುದರ ಜಾಹೀರಾತಿಗೂ ಅದನ್ನು ಬಳಸುವಂತಿಲ್ಲ. 2011ರಲ್ಲಿ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ಈ ಪರವಾನಗಿಯನ್ನು ನಿವೃತ್ತಿಗೊಳಿಸಿತು. ಅದೇ ವರ್ಷ ಹೊಸ ರೂಪ ತಳೆದ ಫ್ರೀಸೌಂಡ್, ಹಳೆಯ ಸದಸ್ಯರಿಗೆ ತಮ್ಮ ಧ್ವನಿಗಳನ್ನು ಹೊಸ ಪರವಾನಗಿಗೆ ಬದಲಾಯಿಸಿಕೊಳ್ಳುವ ಅವಕಾಶ ಕೊಟ್ಟಿತು. ಬದಲಾಯಿಸದವರ ಧ್ವನಿಗಳು ಹಳೆಯ ಷರತ್ತಿನಲ್ಲೇ ಉಳಿದವು. ಪರವಾನಗಿ ನಿವೃತ್ತವಾಯಿತು ಎಂದರೆ ಆ ಧ್ವನಿಗಳು ಮುಕ್ತವಾದವು ಎಂದಲ್ಲ. ಷರತ್ತುಗಳು ಇಂದಿಗೂ ಜಾರಿಯಲ್ಲಿವೆ. ಊರಿನ ಬೇಕರಿಯ ಜಾಹೀರಾತಿಗೆ ಒಂದು ಗಂಟೆಯ ನಾದ ಬೇಕಾದವರು ಇಂಥ ಧ್ವನಿಯನ್ನು ಮುಟ್ಟಬಾರದು. ಹಾಗೆಯೇ ಸ್ಯಾಂಪಲ್‌ಗಳ ಕಟ್ಟನ್ನು ಮಾಡಿ ಮುಕ್ತ ತಂತ್ರಾಂಶದ ಜೊತೆ ಹಂಚುವವರಿಗೂ ಇದು ತೊಡಕು, ಏಕೆಂದರೆ ಇಡಿಯಾದ ಧ್ವನಿಯನ್ನು ಹಣಕ್ಕೆ ಹಂಚುವ ಸ್ವಾತಂತ್ರ್ಯ ಇದರಲ್ಲಿಲ್ಲ, ಮುಕ್ತ ತಂತ್ರಾಂಶದ ವಿತರಕರು ಬಯಸುವುದು ಆ ಸ್ವಾತಂತ್ರ್ಯವನ್ನೇ.

ಹೆಸರು ಹೇಳುವ ಷರತ್ತನ್ನು ಪಾಲಿಸಲು ಫ್ರೀಸೌಂಡ್ ಮಾಡಿರುವ ಏರ್ಪಾಡು ಮೆಚ್ಚುವಂಥದ್ದು. ಇಳಿಸಿಕೊಂಡ ಕಡತದ ಹೆಸರಿನಲ್ಲೇ ಧ್ವನಿಯ ಕ್ರಮಸಂಖ್ಯೆ, ಹಾಕಿದವರ ಬಳಕೆದಾರ ಹೆಸರು, ಧ್ವನಿಯ ಶೀರ್ಷಿಕೆ ಈ ಮೂರೂ ಜೋಡಿ ಅಡಿಗೆರೆಗಳಿಂದ ಬೇರ್ಪಟ್ಟು ಬಂದಿರುತ್ತವೆ. ಕ್ರಮಸಂಖ್ಯೆ ಒಂದಿದ್ದರೆ ಹತ್ತು ವರ್ಷದ ನಂತರವೂ ಆ ಪುಟಕ್ಕೆ ಮರಳಬಹುದು. ಹಾಗಾಗಿ ಇಳಿಸಿಕೊಂಡ ಕಡತಕ್ಕೆ 'ಮಳೆ1', 'ಮಳೆ2' ಎಂದು ಹೊಸ ಹೆಸರಿಡುವ ಅಭ್ಯಾಸವನ್ನು ಬಿಡಬೇಕು. ನಾನು ಮೊದಲ ಎರಡು ವರ್ಷ ಹಾಗೆ ಮಾಡಿದ್ದರಿಂದ ಇಂದಿಗೂ ನನ್ನ ಹಳೆಯ ಸಂಗ್ರಹದಲ್ಲಿ ಯಾರದೆಂದು ತಿಳಿಯದ ನಲವತ್ತಕ್ಕೂ ಹೆಚ್ಚು ಸದ್ದುಗಳಿವೆ, ಅವುಗಳನ್ನು ನಾನು ಯಾವ ಕೆಲಸಕ್ಕೂ ಬಳಸುತ್ತಿಲ್ಲ. ಜೊತೆಗೆ, ನಾವು ಇದುವರೆಗೆ ಇಳಿಸಿಕೊಂಡ ಧ್ವನಿಗಳ ಪಟ್ಟಿಯನ್ನು, ಹಾಕಿದವರ ಹೆಸರು ಮತ್ತು ಪರವಾನಗಿಯೊಡನೆ, ನಮ್ಮ ಖಾತೆಯ ಪುಟದಲ್ಲಿ ಒಟ್ಟಾಗಿ ಕೊಡುವ ಸೌಲಭ್ಯವಿದೆ. ನಾಟಕದ ಕರಪತ್ರ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಆ ಪಟ್ಟಿ ಎಷ್ಟು ಸಹಾಯಕ ಎನ್ನುವುದು ಆ ಕೆಲಸ ಮಾಡಿದವರಿಗೆ ಗೊತ್ತು.

ಹೆಸರನ್ನು ಎಲ್ಲಿ ಹೇಳಬೇಕು ಎಂಬ ಪ್ರಶ್ನೆಯನ್ನು ಹಲವರು ನನ್ನಲ್ಲಿ ಕೇಳಿದ್ದಾರೆ. 2013ರಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್ 4.0 ಆವೃತ್ತಿಯ ಪ್ರಕಾರ, ಮಾಧ್ಯಮ ಮತ್ತು ಸಂದರ್ಭಕ್ಕೆ ತಕ್ಕ ಯಾವುದೇ ಸಮಂಜಸ ರೀತಿಯಲ್ಲಿ ಹೇಳಿದರೆ ಸಾಕು. ಅಗತ್ಯ ವಿವರಗಳೆಲ್ಲ ಇರುವ ಪುಟವೊಂದಕ್ಕೆ ಕೊಂಡಿ ಕೊಟ್ಟರೂ ಆಗುತ್ತದೆ. ಆದ್ದರಿಂದ ಪಾಡ್‌ಕಾಸ್ಟ್ ಮಾಡುವವರು ಕಥೆಯ ನಡುವೆ ನಿಲ್ಲಿಸಿ ಹೆಸರುಗಳನ್ನು ಓದಬೇಕಾಗಿಲ್ಲ, ಸಂಚಿಕೆಯ ವಿವರಣೆಯಲ್ಲಿ ಬರೆದರೆ ಸಾಕು. ನಾವು ನಾಟಕದ ಕರಪತ್ರದ ಕೊನೆಯ ಪುಟದಲ್ಲಿ ಬರೆಯುತ್ತೇವೆ, ಕರಪತ್ರ ಇಲ್ಲದ ಊರುಗಳಲ್ಲಿ ಪ್ರವೇಶದ್ವಾರದ ಬಳಿ ಒಂದು ಹಾಳೆ ಅಂಟಿಸುತ್ತೇವೆ. ಹಾಕಿದವರ ಹೆಸರು, ಮೂಲದ ಕೊಂಡಿ, ಪರವಾನಗಿಯ ಹೆಸರು, ನಾವು ಬದಲಾವಣೆ ಮಾಡಿದ್ದರೆ ಮಾಡಿದ್ದೇವೆ ಎಂಬ ಮಾತು, ಇವಿಷ್ಟು ಅದರಲ್ಲಿರಬೇಕು. ಹಳೆಯ 3.0 ಆವೃತ್ತಿಯ ಧ್ವನಿಗಳಿಗೆ ಶೀರ್ಷಿಕೆಯೂ ಬೇಕು, 4.0ರಲ್ಲಿ ಅದು ಕಡ್ಡಾಯವಲ್ಲ. ಆವೃತ್ತಿಗಳ ನಡುವೆ ಇನ್ನೂ ಮುಖ್ಯವಾದ ಒಂದು ವ್ಯತ್ಯಾಸವಿದೆ. 3.0ರಲ್ಲಿ ಷರತ್ತು ಮುರಿದ ಕ್ಷಣವೇ ಬಳಸುವ ಹಕ್ಕು ತಾನಾಗಿ ರದ್ದಾಗುತ್ತದೆ, ಅದು ಮರಳುವ ದಾರಿಯನ್ನು ಪರವಾನಗಿಯೇ ಹೇಳುವುದಿಲ್ಲ. 4.0ರಲ್ಲಿ, ತಪ್ಪು ಗಮನಕ್ಕೆ ಬಂದ 30 ದಿನಗಳೊಳಗೆ ಸರಿಪಡಿಸಿದರೆ ಹಕ್ಕು ತಾನಾಗಿ ಮರಳುತ್ತದೆ. ಕರಪತ್ರದಲ್ಲಿ ಒಂದು ಹೆಸರು ಬಿಟ್ಟುಹೋಗುವುದು ಯಾರಿಗಾದರೂ ಆಗಬಹುದಾದ ತಪ್ಪು. ಅದಕ್ಕೆ ಈ ರಿಯಾಯಿತಿ ಸಣ್ಣದಲ್ಲ. ತಾಣದಲ್ಲಿ ಎರಡೂ ಆವೃತ್ತಿಯ ಧ್ವನಿಗಳಿರುವುದರಿಂದ ಪರವಾನಗಿಯ ಹೆಸರಿನ ಜೊತೆಗೆ ಆವೃತ್ತಿಯ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು.

ನಾನ್‌ಕಮರ್ಷಿಯಲ್ ಷರತ್ತಿನ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕೈಲಾದಷ್ಟು ಅದರಿಂದ ದೂರವಿರಬೇಕು, ಬಳಸುವಾಗಲೂ ಹಂಚುವಾಗಲೂ. ಪರವಾನಗಿಯ ಪಠ್ಯ ವಾಣಿಜ್ಯೇತರ ಎಂದರೆ ವಾಣಿಜ್ಯ ಲಾಭ ಅಥವಾ ಹಣದ ಪ್ರತಿಫಲ ಪ್ರಧಾನ ಉದ್ದೇಶವಾಗಿಲ್ಲದ ಬಳಕೆ ಎಂದು ಹೇಳುತ್ತದೆ. ಬಳಸುವವರು ಯಾರು ಎಂಬುದು ಇಲ್ಲಿ ನಿರ್ಣಾಯಕವಲ್ಲ, ಬಳಕೆ ಎಂಥದ್ದು ಎಂಬುದು ನಿರ್ಣಾಯಕ. ಹಾಗಾದರೆ ಐವತ್ತು ರೂಪಾಯಿ ಟಿಕೆಟ್ ಇಟ್ಟು, ಬಂದ ಹಣವನ್ನು ರಂಗಸಜ್ಜಿಕೆಗೂ ಲಾರಿ ಬಾಡಿಗೆಗೂ ಹಾಕುವ ಹವ್ಯಾಸಿ ತಂಡದ ಪ್ರದರ್ಶನ ಯಾವ ಕಡೆಗೆ ಸೇರುತ್ತದೆ? ಶಾಲೆಯ ಶಿಕ್ಷಕಿಯೊಬ್ಬರು ಮಾಡಿದ ಕಥೆಯ ವಿಡಿಯೊ ಪಕ್ಕದಲ್ಲಿ ಜಾಹೀರಾತು ಬಂದು ತಿಂಗಳಿಗೆ ಇನ್ನೂರು ರೂಪಾಯಿ ಕೈಸೇರಿದರೆ? ಇಂಥ ಪ್ರಶ್ನೆಗಳಿಗೆ ಪ್ರಾಮಾಣಿಕರಾದ ಇಬ್ಬರು ಎರಡು ಉತ್ತರ ಕೊಡಬಹುದು. ಆ ಅನಿಶ್ಚಯದ ಭಾರ ಬೀಳುವುದು ನಿಯಮ ಪಾಲಿಸಬೇಕೆಂದಿರುವವರ ಮೇಲೆಯೇ. ವಿಕಿಪೀಡಿಯದ ಲೇಖನಗಳಿಗೆ ಚಿತ್ರ, ಧ್ವನಿಗಳನ್ನು ಒದಗಿಸುವ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್ ಈ ಷರತ್ತಿನ ಕಡತಗಳನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನಿಮ್ಮೂರಿನ ಗಾಣದ ಸದ್ದನ್ನು ಈ ಪರವಾನಗಿಯಲ್ಲಿ ಹಾಕಿದರೆ ಅದು ಕನ್ನಡ ವಿಕಿಪೀಡಿಯದ ಗಾಣದ ಲೇಖನಕ್ಕೆ ಸೇರಲಾರದು. ಯಾವುದೋ ದೊಡ್ಡ ಕಂಪನಿ ನಮ್ಮ ಧ್ವನಿಯಿಂದ ಲಾಭ ಮಾಡಿಕೊಂಡೀತೆಂಬ ಅಂಜಿಕೆಯಿಂದ ಈ ಷರತ್ತನ್ನು ಆರಿಸುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಆ ಕಂಪನಿಗೆ ಬೇರೆ ಧ್ವನಿ ಕೊಳ್ಳುವ ಶಕ್ತಿಯಿದೆ, ನಿಜವಾಗಿ ಹಿಂದೆ ಸರಿಯುವವರು ಸಣ್ಣ ರಂಗತಂಡದವರು, ಹಳ್ಳಿಯ ಶಾಲೆಯವರು. ಒಂದು ಧ್ವನಿ ಬೇಕೇ ಬೇಕು ಎನ್ನಿಸಿದಾಗ ಹಾಕಿದವರಿಗೇ ತಾಣದ ಮೂಲಕ ಸಂದೇಶ ಕಳುಹಿಸಿ ಕೇಳಬಹುದು. ನಾನು ಹಾಗೆ ಮೂವರಿಗೆ ಬರೆದಿದ್ದೆ, ಇಬ್ಬರು ಸಂತೋಷದಿಂದ ಒಪ್ಪಿದರು, ಒಬ್ಬರಿಂದ ಉತ್ತರ ಬರಲಿಲ್ಲ. ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಿತೆಂದು ಅರ್ಥವಲ್ಲ, ಆ ಧ್ವನಿಯನ್ನು ನಾವು ಕೈಬಿಟ್ಟೆವು.

ಇಷ್ಟು ಬಳಸುವವರ ಮಾತು. ಹಂಚುವ ಕೆಲಸಕ್ಕೆ ಇಳಿದಾಗ ವಿಷಯ ಇನ್ನಷ್ಟು ಜಟಿಲವಾಗುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಮತ್ತು ಇಬ್ಬರು ಗೆಳೆಯರು ಸೇರಿ ಶಾಲಾ ನಾಟಕಗಳಿಗೆ ಉಪಯೋಗವಾಗಲೆಂದು ಇನ್ನೂರರಷ್ಟು ಸದ್ದುಗಳ ಒಂದು ಕಟ್ಟನ್ನು ಸಿದ್ಧಪಡಿಸಿದೆವು. ಅರ್ಧದಷ್ಟು ನಮ್ಮವೇ, ಉಳಿದವು ಬೇರೆ ಬೇರೆ ಕಡೆಯಿಂದ ಬಂದವು. ಇಡೀ ಕಟ್ಟಿನ ಮೇಲೆ 'ಯಾರು ಬೇಕಾದರೂ ಮುಕ್ತವಾಗಿ ಬಳಸಬಹುದು' ಎಂದು ಬರೆಯುವುದೆಂದು ನಿರ್ಧರಿಸಿಯೂ ಆಗಿತ್ತು. ಹಾಗೆ ಬರೆಯುವ ಅಧಿಕಾರ ನಮಗಿರಲಿಲ್ಲ ಎಂಬುದು ಕಡತಗಳನ್ನು ಒಂದೊಂದಾಗಿ ಪರಿಶೀಲಿಸಲು ಕುಳಿತಾಗಲೇ ತಿಳಿದದ್ದು. ಅಟ್ರಿಬ್ಯೂಷನ್ ಧ್ವನಿಯನ್ನು ಕಟ್ಟಿನಲ್ಲಿ ಸೇರಿಸಬಹುದು, ಆದರೆ ಅದು ತನ್ನ ಪರವಾನಗಿಯನ್ನು ಹೊತ್ತುಕೊಂಡೇ ಬರುತ್ತದೆ. ಒಟ್ಟು ಕಟ್ಟಿಗೆ ಸಿಸಿ ಝೀರೋ ಎಂದು ಹೆಸರಿಟ್ಟ ಮಾತ್ರಕ್ಕೆ ಒಳಗಿನ ಷರತ್ತು ಅಳಿಸಿಹೋಗುವುದಿಲ್ಲ. ನಾನ್‌ಕಮರ್ಷಿಯಲ್ ಧ್ವನಿ ಒಂದೇ ಒಂದಿದ್ದರೂ ಕಟ್ಟನ್ನು ಮಾರಲಾಗದು. ಗೆಳೆಯರೊಬ್ಬರ ಸಂಗ್ರಹದಿಂದ ಬಂದ, ಮತ್ತೆ ಮತ್ತೆ ಆವರ್ತಿಸಿ ನುಡಿಸಬಹುದಾದ ಹನ್ನೆರಡು ತಾಳವಾದ್ಯದ ಲೂಪ್‌ಗಳು ಯಾವುದೋ ಮಾರಾಟ ಮಳಿಗೆಯಿಂದ ಹಣ ಕೊಟ್ಟು ಕೊಂಡವಾಗಿದ್ದವು, ಅವುಗಳ ಜೊತೆಗಿದ್ದ ಕರಾರಿನಲ್ಲಿ 'ರಾಯಲ್ಟಿ ಫ್ರೀ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗಿನ ಸಣ್ಣಕ್ಷರವನ್ನು ಓದಿದಾಗ ಗೊತ್ತಾಯಿತು: ಆ ಲೂಪ್ ಬಳಸಿ ಸಂಗೀತ ಮಾಡಿ ಮಾರಬಹುದು, ಲೂಪನ್ನೇ ಬಿಡಿಯಾಗಿ ಮತ್ತೊಬ್ಬರಿಗೆ ಕೊಡುವಂತಿಲ್ಲ. ರಾಯಲ್ಟಿ ಕೊಡಬೇಕಾಗಿಲ್ಲ ಎಂಬುದೂ ಹಂಚುವ ಸ್ವಾತಂತ್ರ್ಯವಿದೆ ಎಂಬುದೂ ಬೇರೆ ಬೇರೆ ಸಂಗತಿಗಳು. ಸ್ಯಾಂಪಲ್ ಹಂಚುವವರು ಮಾಡುವ ಅತಿ ಸಾಮಾನ್ಯವಾದ ತಪ್ಪು ಇವೆರಡನ್ನು ಒಂದೇ ಎಂದು ಭಾವಿಸುವುದು.

ಕೊನೆಗೆ ಆ ಕಟ್ಟನ್ನು ಬಿಚ್ಚಿ ಮೂರು ಮಾಡಿದೆವು. ನಮ್ಮ ಸ್ವಂತ ಧ್ವನಿಗಳು ಒಂದರಲ್ಲಿ, ಅಟ್ರಿಬ್ಯೂಷನ್ ಧ್ವನಿಗಳು ಇನ್ನೊಂದರಲ್ಲಿ, ಸಿಸಿ ಝೀರೋ ಧ್ವನಿಗಳು ಮತ್ತೊಂದರಲ್ಲಿ. ಪ್ರತಿಯೊಂದರಲ್ಲೂ ಕಡತದ ಹೆಸರು, ಮೂಲ, ಹಾಕಿದವರು, ಪರವಾನಗಿ, ಆವೃತ್ತಿ, ನಾವು ಮಾಡಿದ ಬದಲಾವಣೆ ಇವುಗಳನ್ನು ಸಾಲುಸಾಲಾಗಿ ಬರೆದ ಒಂದು ಪಠ್ಯಕಡತ. ನಾನ್‌ಕಮರ್ಷಿಯಲ್ ಧ್ವನಿಗಳನ್ನೂ ಕೊಂಡುಕೊಂಡ ಲೂಪ್‌ಗಳನ್ನೂ ಪೂರ್ತಿ ತೆಗೆದೆವು. ವಿಕಿಮೀಡಿಯ ಕಾಮನ್ಸ್‌ನಿಂದ ಪಡೆದ ಎರಡು ಧ್ವನಿಗಳು ಶೇರ್‌ಅಲೈಕ್ ಷರತ್ತಿನವಾಗಿದ್ದವು, ಅವುಗಳನ್ನು ನಮ್ಮ ಮಳೆಯ ಸದ್ದಿನೊಡನೆ ಬೆರೆಸಿ ಹೊಸ ಧ್ವನಿ ಮಾಡಿದ್ದೆವು. ಆ ಮಿಶ್ರಣವನ್ನು ಫ್ರೀಸೌಂಡ್‌ಗೆ ಹಾಕಲು ಸಾಧ್ಯವೇ ಆಗಲಿಲ್ಲ, ಏಕೆಂದರೆ ಶೇರ್‌ಅಲೈಕ್ ಮೂಲದ ಮಿಶ್ರಣ ಶೇರ್‌ಅಲೈಕ್ ಆಗಿಯೇ ಹೊರಬರಬೇಕು, ಆ ಆಯ್ಕೆ ಈ ತಾಣದಲ್ಲಿಲ್ಲ. ಮೇಲೆ ಹೇಳಿದ ಪರಿಣಾಮ ಇದು. ಇದನ್ನು ತಾಣದ ಕೊರತೆ ಎನ್ನುವುದಕ್ಕಿಂತ ಗಡಿ ಎನ್ನಬೇಕು, ಆದರೆ ಆ ಗಡಿ ಎಲ್ಲಿದೆಯೆಂದು ಮೊದಲೇ ತಿಳಿದಿದ್ದರೆ ನಮ್ಮ ಒಂದು ವಾರದ ಕೆಲಸ ಉಳಿಯುತ್ತಿತ್ತು.

ಈಗ ನಾವೇ ಮುದ್ರಿಸಿದ ಧ್ವನಿಗಳ ವಿಷಯ. ಅಪ್‌ಲೋಡ್ ಮಾಡುವುದು ಸುಲಭ: ಕಡತ ಹಾಕಿ, ವಿವರಣೆ ಮತ್ತು ಟ್ಯಾಗ್‌ಗಳನ್ನು ಬರೆದು, ಪರವಾನಗಿ ಆರಿಸಿ, ಬೇರೆ ಧ್ವನಿಯಿಂದ ಹುಟ್ಟಿದ್ದಾದರೆ ಆ ಮೂಲವನ್ನು ಗುರುತಿಸಬೇಕು. ಹೊಸ ಸದಸ್ಯರ ಧ್ವನಿಗಳನ್ನು ಮನುಷ್ಯರೇ ಕೇಳಿ ಪರಿಶೀಲಿಸಿದ ನಂತರ ಪ್ರಕಟಿಸುತ್ತಾರೆ. ಆದರೂ ಹಾಕಿದವರಿಗೆ ನಿಜವಾಗಿ ಹಕ್ಕಿದೆಯೇ ಎಂಬುದಕ್ಕೆ ತಾಣ ಖಾತರಿ ಕೊಡಲಾರದು. ಪರವಾನಗಿ ಕೊಡುವವರು ತಮ್ಮ ಕೈಯಲ್ಲಿರುವ ಹಕ್ಕನ್ನಷ್ಟೇ ಕೊಡಬಲ್ಲರು. ನಮ್ಮೂರ ಜಾತ್ರೆಯಲ್ಲಿ ನಾನು ಹಿಡಿದ ನಲವತ್ತು ನಿಮಿಷದ ಮುದ್ರಣ ಇದಕ್ಕೆ ಒಳ್ಳೆಯ ಉದಾಹರಣೆ. ತೇರು ಎಳೆಯುವವರ ಕೂಗು, ಪೀಪಿ ಮಾರುವವನ ಸದ್ದು, ಕೊಂಬು ಕಹಳೆ, ಎಲ್ಲವೂ ಅದರಲ್ಲಿ ಸೊಗಸಾಗಿವೆ, ಆದರೆ ಹಿನ್ನೆಲೆಯಲ್ಲಿ ಧ್ವನಿವರ್ಧಕದಿಂದ ಚಿತ್ರಗೀತೆಯೊಂದು ಸ್ಪಷ್ಟವಾಗಿ ಕೇಳಿಸುತ್ತದೆ. ಮುದ್ರಣ ನನ್ನದು, ಹಾಡು ನನ್ನದಲ್ಲ. ಅದರ ಸಾಹಿತ್ಯ, ಸಂಗೀತ, ಧ್ವನಿಮುದ್ರಿಕೆ ಈ ಮೂರರ ಹಕ್ಕೂ ಬೇರೆಯವರದು, ನಾನು ಸಿಸಿ ಝೀರೋ ಎಂದು ಗುರುತು ಹಾಕಿದರೆ ಅದು ನನ್ನದಲ್ಲದ್ದನ್ನು ದಾನ ಮಾಡಿದಂತೆ. ಹಾಡು ನಿಂತಿದ್ದ ಆರು ನಿಮಿಷವನ್ನು ಮಾತ್ರ ಬೇರ್ಪಡಿಸಿ ತಾಣಕ್ಕೆ ಹಾಕಿದೆ. ಜನರ ಮಾತು ಸ್ಪಷ್ಟವಾಗಿ ಗುರುತು ಸಿಗುವಂತಿದ್ದ ಭಾಗವನ್ನೂ ತೆಗೆದೆ, ಏಕೆಂದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ವ್ಯಕ್ತಿಯ ಖಾಸಗಿತನದ ಹಕ್ಕನ್ನು ಒಳಗೊಳ್ಳುವುದಿಲ್ಲ.

ಭಾರತದ ಕಾನೂನಿನ ಮಾತು ಇಲ್ಲಿ ಸ್ವಲ್ಪ ಬೇಕಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಧ್ವನಿಮುದ್ರಣವನ್ನು ಪ್ರತ್ಯೇಕ ಕೃತಿಯೆಂದೇ ಪರಿಗಣಿಸುತ್ತದೆ. ಅದರ ಕರ್ತೃ ಎಂದರೆ ನಿರ್ಮಾಪಕ, ಅಂದರೆ ಮುದ್ರಣದ ಉಪಕ್ರಮವನ್ನೂ ಹೊಣೆಯನ್ನೂ ಹೊತ್ತವರು. ಅದರ ಸ್ವಾಮ್ಯದ ಅವಧಿ ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ. ಹಕ್ಕನ್ನು ಬಿಟ್ಟುಕೊಡುವುದಕ್ಕೂ ಕಾಯ್ದೆಯ 21ನೇ ಕಲಮಿನಲ್ಲಿ ದಾರಿಯಿದೆ. ಮೊದಲು ಅದಕ್ಕೆ ಕೃತಿಸ್ವಾಮ್ಯ ನೋಂದಣಾಧಿಕಾರಿಗೆ ನೋಟಿಸ್ ಕೊಡಬೇಕಿತ್ತು; 2012ರ ತಿದ್ದುಪಡಿಯ ನಂತರ ಸಾರ್ವಜನಿಕ ಪ್ರಕಟಣೆಯ ಮೂಲಕವೂ ಬಿಟ್ಟುಕೊಡಬಹುದು. ಸಿಸಿ ಝೀರೋ ಪಠ್ಯದಲ್ಲಿಯೇ ಇನ್ನೊಂದು ಏರ್ಪಾಡು ಇದೆ: ಯಾವುದಾದರೂ ದೇಶದ ಕಾನೂನಿನಲ್ಲಿ ಹಕ್ಕು ಬಿಡುವುದು ಊರ್ಜಿತವಾಗದಿದ್ದರೆ, ಅದು ಯಾವ ಷರತ್ತೂ ಇಲ್ಲದ ಪರವಾನಗಿಯಾಗಿ ಕೆಲಸ ಮಾಡುತ್ತದೆ. ಹಾಗಾಗಿ ನಮ್ಮಲ್ಲಿ ಸಿಸಿ ಝೀರೋ ಆರಿಸುವವರು ಅಳುಕಬೇಕಾಗಿಲ್ಲ. ಆದರೆ ಒಮ್ಮೆ ಆರಿಸಿದ ಮೇಲೆ ಹಿಂದೆ ಪಡೆಯುವಂತಿಲ್ಲ ಎಂಬುದು ನೆನಪಿರಬೇಕು. ಈ ಮಾತು ಉಳಿದ ಎರಡು ಪರವಾನಗಿಗಳಿಗೂ ಅನ್ವಯಿಸುತ್ತದೆ: ನಾಳೆ ಮನಸ್ಸು ಬದಲಾಗಿ ಧ್ವನಿಯನ್ನು ತಾಣದಿಂದ ಅಳಿಸಿದರೂ, ಹಿಂದೆ ಇಳಿಸಿಕೊಂಡವರ ಹಕ್ಕು ಹಾಗೆಯೇ ಉಳಿಯುತ್ತದೆ.

ಮುಕ್ತ ಧ್ವನಿಗಳ ಬಳಕೆದಾರರಿಗೆ ಬರುವ ಇನ್ನೊಂದು ತೊಂದರೆಗೆ ಪರವಾನಗಿಯ ದೋಷ ಕಾರಣವಲ್ಲ. ನಾನು ಸಿಸಿ ಝೀರೋ ಅಡಿಯಲ್ಲಿ ಹಾಕಿದ್ದ ಕಡಲ ಅಲೆಗಳ ಸದ್ದನ್ನು ಯಾರೋ ತಮ್ಮ ಧ್ಯಾನ ಸಂಗೀತದಲ್ಲಿ ಸೇರಿಸಿಕೊಂಡು, ಆ ಸಂಗೀತವನ್ನು ಸ್ವಯಂಚಾಲಿತ ಹಕ್ಕು ಪತ್ತೆ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿದ್ದರು. ಅದಾದ ಕೆಲವು ತಿಂಗಳಿಗೆ, ವಿಡಿಯೊ ತಾಣವೊಂದರಲ್ಲಿ ನಾನೇ ಹಾಕಿದ ನಾಟಕದ ತುಣುಕಿನಲ್ಲಿದ್ದ ನನ್ನದೇ ಅಲೆಗಳ ಮೇಲೆ ಅವರ ಹಕ್ಕಿನ ದಾವೆ ಬಂತು. ಅವರಿಗೆ ನನ್ನ ಸದ್ದನ್ನು ಬಳಸುವ ಹಕ್ಕು ಇತ್ತು. ಅದು ತಮಗೊಬ್ಬರಿಗೇ ಸೇರಿದ್ದೆಂದು ಹೇಳಿಕೊಳ್ಳುವ ಹಕ್ಕು ಇರಲಿಲ್ಲ. ಯೂಟ್ಯೂಬ್‌ನ ಕಂಟೆಂಟ್ ಐಡಿ ನಿಯಮಗಳೂ ಇಂಥ ವ್ಯವಸ್ಥೆಗೆ ಕೊಡುವ ಸಾಮಗ್ರಿಯ ಮೇಲೆ ಏಕಮಾತ್ರ ಹಕ್ಕು ಇರಬೇಕೆಂದೇ ಹೇಳುತ್ತವೆ. ನನ್ನ ನೆರವಿಗೆ ಬಂದದ್ದು ಫ್ರೀಸೌಂಡ್‌ನ ಪುಟ: ಅದರಲ್ಲಿ ಅಪ್‌ಲೋಡ್ ಆದ ದಿನಾಂಕವೂ ಪರವಾನಗಿಯೂ ಎಲ್ಲರಿಗೂ ಕಾಣುವಂತೆ ಇದ್ದವು. ಆ ಕೊಂಡಿಯನ್ನು ಕೊಟ್ಟು ಆಕ್ಷೇಪ ಸಲ್ಲಿಸಿದ ಮೇಲೆ ದಾವೆ ಹಿಂದಕ್ಕೆ ಹೋಯಿತು. ಮೂಲ ಮುದ್ರಣದ ಉದ್ದನೆಯ ಕಡತವನ್ನು, ಕತ್ತರಿಸುವ ಮುನ್ನ ಇದ್ದ ಸ್ಥಿತಿಯಲ್ಲಿ, ಕಾದಿಟ್ಟುಕೊಳ್ಳಬೇಕು ಎಂದು ನಾನು ಎಲ್ಲರಿಗೂ ಹೇಳುವುದು ಈ ಕಾರಣಕ್ಕೆ.

ಕೃತಕ ಬುದ್ಧಿಮತ್ತೆಯ ಪ್ರಶ್ನೆಯನ್ನೂ ಬಿಡುವಂತಿಲ್ಲ. 2024ರಲ್ಲಿ ಸ್ಟೆಬಿಲಿಟಿ ಎಐ ಸಂಸ್ಥೆ ಬಿಡುಗಡೆ ಮಾಡಿದ ಸದ್ದುಗಳನ್ನು ಸೃಷ್ಟಿಸುವ ಸ್ಟೇಬಲ್ ಆಡಿಯೊ ಓಪನ್ ಎಂಬ ಕೃತಕ ಬುದ್ಧಿಮತ್ತೆಯ ಮಾದರಿಯ ತರಬೇತಿಗೆ ಬಳಕೆಯಾದ ಸುಮಾರು 4,86,000 ಮುದ್ರಣಗಳಲ್ಲಿ 4,72,000ಕ್ಕೂ ಹೆಚ್ಚು ಫ್ರೀಸೌಂಡ್‌ನವು. ಸಿಸಿ ಝೀರೋ, ಅಟ್ರಿಬ್ಯೂಷನ್, ಸ್ಯಾಂಪ್ಲಿಂಗ್ ಪ್ಲಸ್ ಧ್ವನಿಗಳನ್ನು ಅವರು ತೆಗೆದುಕೊಂಡರು, ನಾನ್‌ಕಮರ್ಷಿಯಲ್ ಧ್ವನಿಗಳನ್ನು ಬಿಟ್ಟರು. ನಾನ್‌ಕಮರ್ಷಿಯಲ್ ಬೇಡವೆಂದು ವಾದಿಸುವ ನನಗೆ ಈ ಸಂಗತಿ ನಿಜವಾಗಿಯೂ ಯೋಚನೆಗೆ ಹಚ್ಚಿದೆ. 2005ರಲ್ಲಿ ಅಥವಾ 2011ರಲ್ಲಿ ಧ್ವನಿ ಹಂಚಿದವರ ಮನಸ್ಸಿನಲ್ಲಿ ಇಂಥ ಬಳಕೆಯ ಕಲ್ಪನೆಯೇ ಇರಲಿಲ್ಲ. ನನ್ನ ಅಲೆಯ ಸದ್ದು ಆ ರಾಶಿಯಲ್ಲಿ ಸೇರುವುದಕ್ಕೆ ನನ್ನ ವಿರೋಧವಿಲ್ಲ, ಆದರೆ ಕಲಾವಿದರೊಬ್ಬರ ಕೈಚಳಕ ಇರುವ ಮುದ್ರಣವನ್ನು ಹಾಕುವ ಮುನ್ನ ಈ ಸಾಧ್ಯತೆಯನ್ನು ಅವರಿಗೆ ಬಿಡಿಸಿ ಹೇಳುವುದು ಈಗ ಹಾಕುವವರ ಕರ್ತವ್ಯವಾಗಿದೆ.

ಬೇರೆ ತಾಣಗಳೊಡನೆ ಹೋಲಿಸಿದರೆ ಫ್ರೀಸೌಂಡ್‌ನ ಸ್ಪಷ್ಟತೆ ಎದ್ದು ಕಾಣುತ್ತದೆ. ಬಿಬಿಸಿಯ ಧ್ವನಿ ಸಂಗ್ರಹದಿಂದ ಸಾವಿರಾರು ಸದ್ದುಗಳನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು, ಆದರೆ ಅವು ಸ್ವಂತ, ಶೈಕ್ಷಣಿಕ ಮತ್ತು ಸಂಶೋಧನೆಯ ಬಳಕೆಗೆ ಮಾತ್ರ. ಲಂಡನ್ನಿನ ಫಿಲ್ಹಾರ್ಮೋನಿಯ ವಾದ್ಯವೃಂದದ ಸ್ಯಾಂಪಲ್‌ಗಳನ್ನು ನಮ್ಮ ಸಂಗೀತದಲ್ಲಿ ಬಳಸಬಹುದು, ಸ್ಯಾಂಪಲ್‌ಗಳಾಗಿಯೇ ಮಾರುವಂತಿಲ್ಲ. ಹಕ್ಕಿಗಳ ಕೂಗಿಗೆ ಜೀನೊ ಕ್ಯಾಂಟೊ ತಾಣಕ್ಕೆ ಸಮಾನವಾದುದು ಇನ್ನೊಂದಿಲ್ಲ, ಪಶ್ಚಿಮ ಘಟ್ಟದ ಹಕ್ಕಿಗಳೂ ಅಲ್ಲಿ ಧಾರಾಳವಾಗಿವೆ. ಆದರೆ ಅಲ್ಲಿನ ಅನೇಕ ಮುದ್ರಣಗಳು ನೋಡೆರಿವೇಟಿವ್ಸ್ ಷರತ್ತಿನವು, ಮತ್ತು ಕ್ರಿಯೇಟಿವ್ ಕಾಮನ್ಸ್ ಪಠ್ಯದ ಪ್ರಕಾರ ಧ್ವನಿಯನ್ನು ಚಲಿಸುವ ಚಿತ್ರದೊಡನೆ ಕಾಲಬದ್ಧವಾಗಿ ಜೋಡಿಸಿದರೆ ಅದು ಬದಲಾಯಿಸಿದ ಕೃತಿಯೇ ಆಗುತ್ತದೆ. ಹಾಗಾಗಿ ಮಲೆನಾಡಿನ ವಿಡಿಯೊ ಹಿಂದೆ ಅಂಥ ಹಕ್ಕಿಯ ಕೂಗನ್ನು ಒಂದಕ್ಷರವೂ ತಿದ್ದದೆ ಇಟ್ಟರೂ ಅದನ್ನು ಹಂಚುವಂತಿಲ್ಲ. ಫ್ರೀಸೌಂಡ್‌ನಲ್ಲಿ ಈ ಬಗೆಯ ಅಚ್ಚರಿ ಎದುರಾಗುವುದಿಲ್ಲ.

ತಾಣದ ಬಗ್ಗೆ ನನ್ನ ಆಕ್ಷೇಪಗಳು ಕೆಲವೇ. ಮುಖಪುಟದಿಂದ ಸಹಾಯದ ಪುಟದವರೆಗೆ ಎಲ್ಲವೂ ಇಂಗ್ಲಿಷಿನಲ್ಲಿದೆ, ಪರವಾನಗಿಯಂಥ ವಿಷಯದಲ್ಲಿ ಇದು ಸಣ್ಣ ಅಡ್ಡಿಯಲ್ಲ. ಇಂಗ್ಲಿಷ್ ಟ್ಯಾಗ್ ಇಲ್ಲದ ಧ್ವನಿ ಹೊರಗಿನವರ ಕಣ್ಣಿಗೆ ಬೀಳುವುದು ಕಷ್ಟ, ಆದ್ದರಿಂದ ನಾನು ಎರಡೂ ಭಾಷೆಯಲ್ಲಿ ವಿವರಣೆ ಬರೆಯುತ್ತೇನೆ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಆಕ್ಷೇಪ ಬೇರೆಯದು, ಅದು ಚಂಡೆಯ ಮುದ್ರಣದ ಸಂದರ್ಭದಲ್ಲಿ ಎದುರಾಯಿತು.

ಬಡಗುತಿಟ್ಟಿನ ಹಿರಿಯ ಚಂಡೆವಾದಕರೊಬ್ಬರನ್ನು ಕೂರಿಸಿಕೊಂಡು, ಚಂಡೆಯ ಒಂದೊಂದೇ ಪೆಟ್ಟನ್ನೂ, ಏಕತಾಳ, ಅಷ್ಟ, ತ್ರಿವುಡೆಗಳ ಸಣ್ಣ ಸಣ್ಣ ನುಡಿಸಾಣಿಕೆಯನ್ನೂ ಎರಡು ಮಧ್ಯಾಹ್ನ ಮುದ್ರಿಸಿದೆ. ತಾಳ ಪರಂಪರೆಯದು, ಅದಕ್ಕೆ ಒಡೆಯರಿಲ್ಲ. ಮುದ್ರಣದ ಕರ್ತೃ ಕಾನೂನಿನ ಕಣ್ಣಿನಲ್ಲಿ ನಾನು. ಆದರೆ ನುಡಿಸಿದ ಕೈ ಅವರದು, ಕಾಯ್ದೆಯ 38 ಮತ್ತು 38ಎ ಕಲಮುಗಳು ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕನ್ನು ಕೊಡುತ್ತವೆ. 38ಬಿ ಕಲಮು ಕಲಾವಿದರಾಗಿ ಗುರುತಿಸಿಕೊಳ್ಳುವ ಹಕ್ಕನ್ನೂ ಕೊಡುತ್ತದೆ. ಆದ್ದರಿಂದ ಅವರ ಒಪ್ಪಿಗೆಯಿಲ್ಲದೆ ನಾನು ಯಾವ ಪರವಾನಗಿಯನ್ನೂ ಹಚ್ಚುವಂತಿರಲಿಲ್ಲ. ಮೂರು ಪರವಾನಗಿಗಳನ್ನೂ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡು ಹೋಗಿ ಅವರಿಗೆ ಓದಿ ಹೇಳಿದೆ. ಯಂತ್ರದ ತರಬೇತಿಗೂ ಬಳಸಿಯಾರು ಎಂಬುದನ್ನೂ ಹೇಳಿದೆ. ಅವರು ಸಾವಧಾನವಾಗಿ ಕೇಳಿ, "ದುಡ್ಡಿನ ವಿಷಯ ಬಿಡಿ ಮಾರಾಯ್ರೆ, ಇದು ಯಾರ ಚಂಡೆ ಅಂತ ಕೇಳಿದವರಿಗೆ ಗೊತ್ತಾಗ್ತದಾ?" ಎಂದರು. ಅಟ್ರಿಬ್ಯೂಷನ್ 4.0 ಎಂದು ನಿರ್ಧಾರವಾದದ್ದು ಆ ಒಂದು ಪ್ರಶ್ನೆಯಿಂದ. ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಅವರ ಪ್ರತಿ ಅವರಿಗೆ ಕೊಟ್ಟೆ.

ಆಮೇಲೆ ಕಂಡದ್ದು ಇದು: ಫ್ರೀಸೌಂಡ್ ಸಿದ್ಧಪಡಿಸಿಕೊಡುವ ಕ್ರೆಡಿಟ್ ಸಾಲಿನಲ್ಲಿ ಧ್ವನಿಯ ಶೀರ್ಷಿಕೆ, ಹಾಕಿದವರ ಬಳಕೆದಾರ ಹೆಸರು, ಕೊಂಡಿ, ಪರವಾನಗಿ ಇಷ್ಟೇ ಇರುತ್ತವೆ, ನುಡಿಸಿದವರಿಗೆ ಪ್ರತ್ಯೇಕ ಜಾಗವಿಲ್ಲ. ವಿವರಣೆಯಲ್ಲಿ ನಾನು ಎಷ್ಟೇ ಗೌರವದಿಂದ ಅವರ ಹೆಸರು ಬರೆದಿದ್ದರೂ, ಬಳಸುವವರು ನಕಲಿಸಿಕೊಳ್ಳುವ ಸಾಲಿನಲ್ಲಿ ಬರುವುದು ನನ್ನ ಹೆಸರು. 4.0 ಪರವಾನಗಿ ಸೃಷ್ಟಿಕರ್ತರ ಜೊತೆಗೆ, ಹೆಸರಿಸಬೇಕೆಂದು ನಾವು ಸೂಚಿಸಿದ ಇತರರನ್ನೂ ಹೆಸರಿಸಬೇಕೆಂದು ಹೇಳುತ್ತದೆ. ಹಾಗಾಗಿ ವಿವರಣೆಯ ಮೊದಲ ಸಾಲಿನಲ್ಲೇ ವಾದಕರ ಹೆಸರನ್ನು ಕಡ್ಡಾಯವಾಗಿ ಉಲ್ಲೇಖಿಸಬೇಕೆಂದು ಬರೆದೆ, ಮತ್ತು ಪ್ರತಿಯೊಂದು ಧ್ವನಿಯ ಶೀರ್ಷಿಕೆಯೊಳಗೇ ಅವರ ಹೆಸರನ್ನು ಸೇರಿಸಿದೆ. ಶೀರ್ಷಿಕೆ ಕ್ರೆಡಿಟ್ ಸಾಲಿನಲ್ಲೂ ಬರುತ್ತದೆ, ಇಳಿಸಿಕೊಂಡ ಕಡತದ ಹೆಸರಿನಲ್ಲೂ ಬರುತ್ತದೆ. ತಾಣದವರು ಅಪ್‌ಲೋಡ್ ನಮೂನೆಯಲ್ಲಿ ಕಲಾವಿದರ ಹೆಸರಿಗೆ ಒಂದು ಅಂಕಣ ಸೇರಿಸುವವರೆಗೆ, ವಾದಕರನ್ನೋ ಗಾಯಕರನ್ನೋ ಮುದ್ರಿಸಿ ಹಾಕುವವರು ಹೀಗೆಯೇ ಮಾಡಬೇಕೆಂದು ನನ್ನ ಕೋರಿಕೆ.